ಗಾಳಿಯ ಒಡ್ಡಿನಾಚೆಯ ಬೆಳಕು

ಹಳೆಯ ಎರಡು ರೂಪಾಯಿ ನೋಟು ಮನೆಯ ಟ್ರಂಕಿನಲ್ಲೋ ಅಜ್ಜಿಯ ಸಂಚಿಯಲ್ಲೋ ಇನ್ನೂ ಉಳಿದಿದ್ದರೆ ತೆಗೆದು ಹಿಂಬದಿ ನೋಡಿ. ಹುಲಿ ಇದ್ದರೆ ಅದು ತೀರ ಹಳೆಯದು. ನಾನು ಹೇಳುತ್ತಿರುವುದು ಹುಲಿಯ ನಂತರ ಬಂದ ನೋಟಿನ ವಿಷಯ. ಅದರಲ್ಲಿ ಮೂಲೆಮೂಲೆಯಾಗಿ ಕೆತ್ತಿದ ಒಂದು ಗುಂಡು ಇದೆ. ಅದೇ ಆರ್ಯಭಟ. 1975ರ ಏಪ್ರಿಲ್ 19ರಂದು ಹಾರಿದ, 360 ಕಿಲೋ ತೂಕದ ಉಪಗ್ರಹ.

ಭಾರತದ ಮೊದಲ ಉಪಗ್ರಹ ಯಾವುದು ಎಂದರೆ ನಮ್ಮ ಮಕ್ಕಳು ಒಂದೇ ಉಸಿರಿಗೆ ಉತ್ತರ ಹೇಳುತ್ತಾರೆ. ಒಂದು ಅಂಕದ ಪ್ರಶ್ನೆ ಅದು. ಮೇಲೆ ಹೋಗಿ ಏನು ಮಾಡಬೇಕಿತ್ತು ಎಂದು ಕೇಳಿದರೆ ತರಗತಿ ತಣ್ಣಗಾಗುತ್ತದೆ. ಫೋನಿಗೆ, ಟೀವಿಗೆ, ಹವಾಮಾನಕ್ಕೆ ಎಂದು ಊಹೆಗಳು ಬರುತ್ತವೆ. ನಿಜಕ್ಕೂ ಆರ್ಯಭಟದಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಒಂದು ಸೂರ್ಯನನ್ನು ಕುರಿತದ್ದು, ಒಂದು ಭೂಮಿಯ ಮೇಲ್ಪದರದ ಗಾಳಿಯನ್ನು ಕುರಿತದ್ದು. ಮೂರನೆಯದು ದೂರದ ಆಕಾಶದಿಂದ ಬರುವ ಎಕ್ಸ್-ಕಿರಣಗಳನ್ನು ಎಣಿಸುವ ಪೆಟ್ಟಿಗೆ. ನಮ್ಮ ದೇಶ ಕಟ್ಟಿದ ಮೊಟ್ಟಮೊದಲ ಉಪಗ್ರಹವೇ ನಕ್ಷತ್ರ ನೋಡಲು ಹೊರಟಿತ್ತು ಎಂಬುದು ನನಗೆ ಇಂದಿಗೂ ಸಣ್ಣ ಸಂಗತಿಯಲ್ಲ.

ಈ ಲೇಖನ ವಿಷಯಕ್ಕೆ ಹೊಸಬರಾದವರಿಗೆ. ಗಣಿತ ಬೇಡ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾಟಿಬಿಡೋಣ. ಬೆಳಗಾವಿ ಜಿಲ್ಲೆಯ ನಮ್ಮ ಊರು ಧುಪದಾಳದ ತರಗತಿಯಲ್ಲಿ ಈ ಮಾತು ತೆಗೆದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ, ಅಷ್ಟ ಮ್ಯಾಲ ಹೋದ್ರ ಚಿಕ್ಕಿ ಸಮೀಪ ಕಾಣ್ತಾವೇನ್ರಿ?" ಇಲ್ಲೋ ತಮ್ಮಾ. ದೂರದರ್ಶಕ ಹೊತ್ತ ನಮ್ಮ ಉಪಗ್ರಹ ಆಸ್ಟ್ರೋಸ್ಯಾಟ್ (ಅದರ ಕತೆ ಮುಂದೆ ಬರುತ್ತದೆ) ಹಾರುವ ಎತ್ತರ ಸುಮಾರು 650 ಕಿಲೋಮೀಟರ್. ಘಟಪ್ರಭಾ ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದರೆ ಹೆಚ್ಚುಕಡಿಮೆ ಅಷ್ಟೇ ದೂರ ಆಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರವೇ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ಆಚೆ ಇದೆ. ಅದರೆದುರು 650 ಯಾವ ಲೆಕ್ಕ? ಸಮೀಪ ಹೋಗಲು ಯಾರೂ ಮೇಲೆ ಹೋಗುವುದಿಲ್ಲ. ನಮ್ಮ ತಲೆಯ ಮೇಲಿರುವ ಗಾಳಿಯಿಂದ ಹೊರಗೆ ಬರಲು ಹೋಗುತ್ತಾರೆ.

ಗಾಳಿ ಏನು ಮಾಡುತ್ತದೆ? ಇದಕ್ಕೆ ನಮ್ಮ ಊರಿನ ಒಡ್ಡಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1897ರಲ್ಲಿ ಮುಗಿದ ಧುಪದಾಳದ ಒಡ್ಡು ಘಟಪ್ರಭೆಯನ್ನು ಅಡ್ಡಗಟ್ಟಿ ನಿಲ್ಲಿಸುತ್ತದೆ. ಹಿಂದೆ ಎಷ್ಟೇ ನೀರು ನಿಂತಿದ್ದರೂ ತೂಬು ಬಿಟ್ಟಷ್ಟೇ ನೀರು ಎಡದಂಡೆ ಕಾಲುವೆಗೆ ಇಳಿಯುತ್ತದೆ. ಕಾಲುವೆಯ ತುದಿಯ ಹೊಲದಲ್ಲಿ ನಿಂತವನು ತನ್ನ ಪಾಲಿಗೆ ಬಂದ ನೀರನ್ನು ನೋಡಿ ಹೊಳೆಯೇ ಇಷ್ಟು ಎಂದುಕೊಂಡರೆ ಹೇಗೋ, ನೆಲದ ಮೇಲೆ ನಿಂತು ಬರಿಗಣ್ಣಿನಲ್ಲಿ ಆಕಾಶ ನೋಡಿ ಬೆಳಕೆಲ್ಲ ಇಷ್ಟೇ ಎಂದುಕೊಳ್ಳುವುದೂ ಹಾಗೆಯೇ. ನಕ್ಷತ್ರಗಳಿಂದ ರೇಡಿಯೋ ಅಲೆಯಿಂದ ಹಿಡಿದು ಗಾಮಾ ಕಿರಣದವರೆಗೆ ಎಲ್ಲ ಬಗೆಯ ಬೆಳಕೂ ಹೊರಡುತ್ತದೆ. ಗಾಳಿಯ ಒಡ್ಡಿಗೆ ದೊಡ್ಡ ತೂಬುಗಳು ಎರಡೇ. ಒಂದರಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣಗಳು ಇಳಿದು ಬರುತ್ತವೆ, ಇನ್ನೊಂದರಲ್ಲಿ ರೇಡಿಯೋ ಅಲೆಗಳು. ನೇರಳೆಗಿಂತ ಆಚೆಯ ನೇರಳಾತೀತ ಕಿರಣವನ್ನು ಮೇಲಿನ ಓಝೋನ್ ಹೀರಿಕೊಳ್ಳುತ್ತದೆ. 300 ನ್ಯಾನೋಮೀಟರಿಗಿಂತ ಚಿಕ್ಕ ಅಲೆ ನೆಲ ಮುಟ್ಟುವುದು ಇಲ್ಲವೆಂದೇ ಹೇಳಬೇಕು. ಎಕ್ಸ್-ಕಿರಣವಂತೂ ಬಹಳ ಮೇಲೆಯೇ ಸತ್ತುಹೋಗುತ್ತದೆ.

ಇಲ್ಲಿ ಜಾಣ ಮಗುವೊಂದು ತಡೆಯುತ್ತದೆ: ದವಾಖಾನೆಯಲ್ಲಿ ಕೈಯನ್ನೇ ತೂರಿ ಹೋಗುವ ಎಕ್ಸ್-ರೇ ಬರೀ ಗಾಳಿಯನ್ನು ದಾಟುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಕೈ ಎರಡು ಮೂರು ಸೆಂಟಿಮೀಟರ್ ದಪ್ಪ. ನಮ್ಮ ತಲೆ ಮೇಲಿಂದ ಆಕಾಶದ ತುದಿಯವರೆಗಿನ ಗಾಳಿಯನ್ನೆಲ್ಲ ಒತ್ತಿ ನೀರಿನಷ್ಟು ಗಟ್ಟಿ ಮಾಡಿದರೆ ಅದು ಸುಮಾರು 10 ಮೀಟರ್ ಆಳದ ನೀರಾಗುತ್ತದೆ. ಗಾಳಿ ತೆಳ್ಳಗಿದೆ ನಿಜ, ಆದರೆ ಅದು ಬಹಳ ಇದೆ. ನಮ್ಮ ಮಟ್ಟಿಗೆ ಇದು ಪುಣ್ಯವೇ. ಆ ಕಿರಣಗಳು ನೇರವಾಗಿ ಇಳಿದಿದ್ದರೆ ನೆಲದ ಮೇಲಿನ ಜೀವಕ್ಕೆ ಉಳಿಗಾಲವಿರಲಿಲ್ಲ. ಹೊಲಕ್ಕೆ ಒಡ್ಡು ಬೇಕು. ಹೊಳೆ ಎಷ್ಟು ಎಂದು ತಿಳಿಯಬೇಕಾದವನು ಮಾತ್ರ ಒಡ್ಡು ಹತ್ತಿ ಆಚೆ ನೋಡಬೇಕು.

ಅಷ್ಟು ಕಷ್ಟಪಟ್ಟು ನೋಡುವಂಥದ್ದು ಅಲ್ಲೇನಿದೆ? ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳುಪು. ಅದಕ್ಕೂ ಮಿಕ್ಕಿ ಕಾದ ವಸ್ತು ತನ್ನ ಬೆಳಕಿನ ಹೆಚ್ಚು ಪಾಲನ್ನು ನೇರಳಾತೀತದಲ್ಲಿ ಚೆಲ್ಲುತ್ತದೆ. ಲಕ್ಷ ಲಕ್ಷ ಡಿಗ್ರಿಯಿಂದ ಕೋಟಿ ಡಿಗ್ರಿಯವರೆಗೆ ಕಾದದ್ದು ಎಕ್ಸ್-ಕಿರಣದಲ್ಲಿ. ಅಷ್ಟು ಕಾಯಿಸುವ ಒಲೆ ಯಾವುದು? ಉಳಿದರ್ಧ ಉತ್ತರ ಗೋಕಾಕ ಫಾಲ್ಸಿನಲ್ಲಿದೆ. ಧುಪದಾಳ ದಾಟಿದ ನೀರು ಕೆಲವೇ ಕಿಲೋಮೀಟರ್ ಕೆಳಗೆ 52 ಮೀಟರ್ ಧುಮುಕುತ್ತದೆ. ಆ ಬೀಳುವ ಬಲದಲ್ಲೇ 1887ರಲ್ಲಿ ಅಲ್ಲಿನ ಗಿರಣಿಯ ಯಂತ್ರಗಳು ತಿರುಗಿದವು. ಬೀಳುವುದರಲ್ಲೇ ಶಕ್ತಿ ಇದೆ. ಬಹು ದೊಡ್ಡ ಭಾರವನ್ನು ಪುಟ್ಟ ಜಾಗದಲ್ಲಿ ತುಂಬಿಕೊಂಡ ನ್ಯೂಟ್ರಾನ್ ತಾರೆಯ ಕಡೆಗೋ ಕಪ್ಪುಕುಳಿಯ ಕಡೆಗೋ ಅನಿಲ ಬಿದ್ದರೆ, ಬೀಳುತ್ತಾ ಬೀಳುತ್ತಾ ಉಜ್ಜಿಕೊಂಡು ಕೋಟಿ ಡಿಗ್ರಿ ಕಾಯುತ್ತದೆ. ಕಪ್ಪುಕುಳಿ ತಾನು ಕಾಣುವುದಿಲ್ಲ. ಅದರ ದಬದಬೆಯ ಬಿಸಿ ಕಾಣುತ್ತದೆ, ಅದೂ ಎಕ್ಸ್-ಕಿರಣದಲ್ಲಿ. ಸೌರಮಂಡಲದ ಹೊರಗಿನ ಇಂಥ ಮೊದಲ ಮೂಲವನ್ನು 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಾಕೋನಿಯವರ ತಂಡ ಅಮೆರಿಕದ ಒಂದು ರಾಕೆಟ್ಟಿನಲ್ಲಿ ಎಣಿಕೆಯ ಪೆಟ್ಟಿಗೆ ಇಟ್ಟು ಕಂಡುಹಿಡಿಯಿತು. ವೃಶ್ಚಿಕ ರಾಶಿಯ ಆ ಮೂಲ ಸಿಕ್ಕದ್ದು ಮೇಲೆ ಹೋಗಿ ಕೆಳಗೆ ಬೀಳುವ ಕೆಲವೇ ನಿಮಿಷಗಳ ಹಾರಾಟದಲ್ಲಿ.

ಇಂಥ ಕೆಲಸ ದೊಡ್ಡ ದೇಶಗಳ ಸೊತ್ತು ಎಂದು ಯಾರಾದರೂ ಅಂದರೆ ನಾನು ಆರ್ಮೇನಿಯಾದ ಹೆಸರು ಹೇಳುತ್ತೇನೆ. ಚಳಿಗಾಲದಲ್ಲಿ ನಮ್ಮ ಹಿನ್ನೀರಿಗೆ ಬರುವ ಬಿಳಿ ಕೊಕ್ಕರೆ ಗೊತ್ತಲ್ಲ, ಕೆಂಪು ಕೊಕ್ಕಿನದು? ಅದೇ ಜಾತಿಯ ಹಕ್ಕಿ ಆರ್ಮೇನಿಯಾದ ಬಯಲಿನ ಹಳ್ಳಿಗಳಲ್ಲಿ ವಿದ್ಯುತ್ ಕಂಬಗಳ ತುದಿಗೆ ಗೂಡು ಕಟ್ಟುತ್ತದೆ. ಇಡೀ ದೇಶದ ಜನ 30 ಲಕ್ಷದ ಆಸುಪಾಸು. ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ 47 ಲಕ್ಷಕ್ಕೂ ಹೆಚ್ಚು ಮಂದಿ ಇದ್ದೇವೆ. ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಆ ಪುಟ್ಟ ಗುಡ್ಡಗಾಡಿನಲ್ಲಿ, ಅರಗಾತ್ಸ್ ಪರ್ವತದ ಇಳಿಜಾರಿನ ಬ್ಯುರಕಾನ್ ಎಂಬ ಹಳ್ಳಿಯಲ್ಲಿ, ವಿಕ್ಟರ್ ಅಂಬರ್ತ್ಸುಮ್ಯಾನ್ 1946ರಲ್ಲಿ ಒಂದು ವೀಕ್ಷಣಾಲಯ ಕಟ್ಟಿದರು. ಮುಂದೆ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರೂ ಆದರು, 1961ರಿಂದ 1964ರವರೆಗೆ. ಅದೇ ಕುರ್ಚಿಯಲ್ಲಿ 1979ರಲ್ಲಿ ಕೂತವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು.

ಅಂಬರ್ತ್ಸುಮ್ಯಾನರ ಶಿಷ್ಯ ಗ್ರಿಗೊರ್ ಗುರ್ಜಾದ್ಯಾನ್. ಆರ್ಮೇನಿಯನ್ನರ ನರಮೇಧದಿಂದ ತಪ್ಪಿಸಿಕೊಂಡು ಓಡಿಬಂದ ಕುಟುಂಬದಲ್ಲಿ, ಬಾಗ್ದಾದಿನಲ್ಲಿ, 1922ರಲ್ಲಿ ಹುಟ್ಟಿದವರು. ಬೆಟ್ಟದ ಮೇಲಿನ ದೂರದರ್ಶಕ ಅವರಿಗೆ ಸಾಲಲಿಲ್ಲ. 1960ರ ದಶಕದಲ್ಲಿ ಸೋವಿಯತ್ ಸೇನೆಯ ಆರ್-5 ರಾಕೆಟ್ಟುಗಳ ತುದಿಗೆ ತಮ್ಮ ಉಪಕರಣ ಕಟ್ಟಿ ಹಾರಿಸಿದರು. ಹಾರಿಸಿದ ಜಾಗ ರಷ್ಯಾದ ಕಪುಸ್ತಿನ್ ಯಾರ್. ಈ ಹೆಸರನ್ನು ಸ್ವಲ್ಪ ನೆನಪಿಡಿ.

ಆಮೇಲೆ ಬಂತು ಓರಿಯನ್-1. ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-1ರಲ್ಲಿ ಕೂಡಿಸಿದ ನೇರಳಾತೀತ ದೂರದರ್ಶಕ. ನಿಲ್ದಾಣ ಹಾರಿದ್ದು 1971ರ ಏಪ್ರಿಲ್ 19ರಂದು. ಹೌದು, ನಾಲ್ಕು ವರ್ಷದ ನಂತರ ಆರ್ಯಭಟ ಹಾರಿದ ತಾರೀಖೇ. ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ. ಆ ಜೂನ್‌ನಲ್ಲಿ ವಿಕ್ಟರ್ ಪತ್ಸಾಯೆವ್ ಎಂಬ ಗಗನಯಾತ್ರಿ ಆ ದೂರದರ್ಶಕವನ್ನು ನಡೆಸಿದರು. ಭೂಮಿಯ ಗಾಳಿಯ ಹೊರಗೆ ದೂರದರ್ಶಕ ನಡೆಸಿದ ಮೊದಲ ಮನುಷ್ಯ ಅವರೇ. ಎರಡು ನಕ್ಷತ್ರಗಳ ರೋಹಿತ ದಾಖಲಾಯಿತು. ರೋಹಿತ ಎಂದರೆ ಬೆಳಕನ್ನು ಬಿಡಿಸಿ ಹರಡಿದ ಪಟ್ಟಿ, ಮಳೆಬಿಲ್ಲಿನ ಹಾಗೆ. ಅದರ ಗೆರೆಗಳನ್ನು ಓದಿದರೆ ನಕ್ಷತ್ರದ ಬಿಸಿ ಎಷ್ಟು, ಅದರಲ್ಲಿ ಏನೇನಿದೆ ಎಂದು ತಿಳಿಯುತ್ತದೆ. ಆ ಎರಡರಲ್ಲಿ ಒಂದು ಅಭಿಜಿತ್, ಇನ್ನೊಂದು ಕಿನ್ನರ ಪುಂಜದ ಬೀಟಾ. ಈ ಎರಡನೆಯದು ಆರ್ಮೇನಿಯಾದ ನೆಲದಿಂದ ಎಂದೂ ಕಾಣುವುದಿಲ್ಲ, ಅದು ಅಷ್ಟು ದಕ್ಷಿಣಕ್ಕಿದೆ. ಧುಪದಾಳದಲ್ಲಿ ಮೇ ತಿಂಗಳ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣ ದಿಕ್ಕಿನ ಅಂಚಿನಲ್ಲಿ ಜೋಡಿಯಾಗಿ ಮಿನುಗುವ ಎರಡರಲ್ಲಿ ಬಲಗಡೆಯದು ಅದೇ.

ಜೂನ್ 30ರಂದು ಮರಳುವಾಗ ನೌಕೆಯ ಗಾಳಿ ಸೋರಿಹೋಗಿ ಪತ್ಸಾಯೆವ್ ಮತ್ತು ಜೊತೆಯ ಇಬ್ಬರೂ ತೀರಿಕೊಂಡರು. ಅವರು ಹಿಡಿದ ರೋಹಿತಗಳು ಉಳಿದವು.

ಗುರ್ಜಾದ್ಯಾನ್ ಅಲ್ಲಿಗೇ ನಿಲ್ಲಿಸಬಹುದಿತ್ತು. 1973ರ ಡಿಸೆಂಬರಿನಲ್ಲಿ ಸೊಯೂಜ್-13 ನೌಕೆಯ ಮೇಲೆ ಓರಿಯನ್-2 ಹೋಯಿತು. ಕ್ಲಿಮುಕ್ ಮತ್ತು ಲೆಬೆದೆವ್ ಎಂಬಿಬ್ಬರು ಎಂಟು ದಿನ ಅದನ್ನು ನಡೆಸಿ ಫಿಲ್ಮ್ ಸುರುಳಿಗಳನ್ನು ಜೋಪಾನವಾಗಿ ಕೆಳಗೆ ತಂದರು. ಈ ಸಲ ಸಾವಿರಾರು ನಕ್ಷತ್ರಗಳ ರೋಹಿತ, ಬರಿಗಣ್ಣಿಗೆ ಕಾಣುವುದಕ್ಕಿಂತ ನೂರಾರು ಪಟ್ಟು ಮಂಕಾದವುಗಳದ್ದೂ ಸೇರಿ. ನಾನು ಈ ಕತೆಯನ್ನು ಮಕ್ಕಳಿಗೆ ಹೇಳುವುದು ಮೊದಲ ಹಾರಾಟಕ್ಕಾಗಿ ಅಲ್ಲ, ಈ ಎರಡನೆಯದಕ್ಕಾಗಿ. ಮೊದಲ ನೋಟ ಎಲ್ಲರಿಗೂ ಅರೆಬರೆಯೇ. ಮತ್ತೆ ಹೋಗಿ ನೋಡಿದವರಿಗೆ ಆಕಾಶ ದಕ್ಕುತ್ತದೆ. ನಮ್ಮ ಬೆಂಗಳೂರಿನ ಕತೆಯೂ ಇದೇ ಜಾಡಿನದು, ಆ ಎರಡನೆಯ ನೋಟಕ್ಕೆ ನಮಗೆ ಹೆಚ್ಚು ವರ್ಷ ಹಿಡಿಯಿತು.

ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ವೃತ್ತಿಯ ಆರಂಭದಲ್ಲಿ ಕಾಸ್ಮಿಕ್ ಕಿರಣಗಳ ಅಭ್ಯಾಸಿ. 1972ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿ ನಮ್ಮ ಉಪಗ್ರಹವನ್ನು ಹಾರಿಸಿಕೊಡಲು ಒಪ್ಪಿತು. ರಾವ್ ಮತ್ತು ಅವರ ಎಳೆಯ ತಂಡ ಬೆಂಗಳೂರಿನ ಪೀಣ್ಯ ಕೈಗಾರಿಕಾ ವಲಯದ ಶೆಡ್ಡುಗಳಲ್ಲಿ ಕೆಲಸ ಶುರುಮಾಡಿತು. ಕಲ್ನಾರಿನ ಮಾಡಿನ ಶೆಡ್ಡುಗಳು. ಸಂಕೇತ ಹಿಡಿಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ಆ ಕೋಣೆಯಾಗಿ ಮಾಡಿಕೊಂಡರು. ನಗು ಬರುತ್ತದೆ, ಬರಲಿ. ಉಪಗ್ರಹ ಎಂಬುದನ್ನು ಹಿಂದೆ ಕಟ್ಟಿದವರು ಆ ಶೆಡ್ಡಿನಲ್ಲಿ ಒಬ್ಬರೂ ಇರಲಿಲ್ಲ.

ಆರ್ಯಭಟ ಹಾರಿದ್ದು ಎಲ್ಲಿಂದ? ಕಪುಸ್ತಿನ್ ಯಾರ್‌ನಿಂದ. ಗುರ್ಜಾದ್ಯಾನ್ ತಮ್ಮ ಪೆಟ್ಟಿಗೆಗಳನ್ನು ಹಾರಿಸಿದ್ದ ಅದೇ ಬಯಲು.

ನಾಲ್ಕು ದಿನ, 60 ಸುತ್ತು. ಆಮೇಲೆ ವಿದ್ಯುತ್ ಪೂರೈಕೆಯಲ್ಲಿ ತೊಂದರೆ ಬಂದು ಪ್ರಯೋಗಗಳು ನಿಂತವು. ಉಪಗ್ರಹ ಸಾಯಲಿಲ್ಲ, 1981ರವರೆಗೂ ಸಂಕೇತ ಕಳಿಸುತ್ತಲೇ ಇತ್ತು, 1992ರಲ್ಲಿ ಗಾಳಿಗೆ ಇಳಿದು ಉರಿದುಹೋಯಿತು. ಎಕ್ಸ್-ಕಿರಣದ ಕಣ್ಣು ಮಾತ್ರ ಮೊದಲ ವಾರದಲ್ಲೇ ಮುಚ್ಚಿತ್ತು. ಆ ಕೆಲವೇ ದಿನಗಳಲ್ಲಿ ಸಿಕ್ಕ ಅಳತೆಗಳೂ ವೈಜ್ಞಾನಿಕ ಪ್ರಬಂಧಗಳಾದವು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅವುಗಳನ್ನು ಬರೆದವರಲ್ಲಿ ಮುಂದೆ ಇಸ್ರೋ ಅಧ್ಯಕ್ಷರಾದ ಕೆ. ಕಸ್ತೂರಿರಂಗನ್ ಒಬ್ಬರು. ಪೀಣ್ಯದ ಶೆಡ್ಡು ಇಸ್ರೋ ಉಪಗ್ರಹ ಕೇಂದ್ರವಾಗಿ ಬೆಳೆಯಿತು. 2018ರಿಂದ ಅದಕ್ಕೆ ಯು. ಆರ್. ರಾವ್ ಅವರದೇ ಹೆಸರು.

ಮುಂದಿನ ಇಪ್ಪತ್ತು ವರ್ಷ ಬೇಗ ದಾಟೋಣ. ದೇಶಕ್ಕೆ ಬೇಕಿದ್ದದ್ದು ಬೆಳೆ ನೋಡುವ, ಮಾತು ಸಾಗಿಸುವ ಉಪಗ್ರಹಗಳು. ನಕ್ಷತ್ರದವರಿಗೆ ಸಿಕ್ಕಿದ್ದು ಅವುಗಳ ಮೂಲೆಯಲ್ಲಿ ಒಂದಿಷ್ಟು ಜಾಗ, ತುಂಬಿದ ಬಸ್ಸಿನಲ್ಲಿ ಕಾಲಿಡಲು ಸಿಕ್ಕಷ್ಟು. 1994ರ ಸ್ರಾಸ್-ಸಿ2ರಲ್ಲಿ ಬೆಂಗಳೂರಿನವರದೇ ಒಂದು ಗಾಮಾ ಸ್ಫೋಟ ಎಣಿಕೆಯ ಯಂತ್ರ. 1996ರ ಐಆರ್‌ಎಸ್-ಪಿ3ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಉಪಗ್ರಹ ಕೇಂದ್ರ ಜೊತೆಗೂಡಿ ಇಟ್ಟ ಎಕ್ಸ್-ಕಿರಣದ ಪೆಟ್ಟಿಗೆಗಳು. ಅವು ಗರುಡ ಪುಂಜದಲ್ಲಿರುವ ಒಂದು ಕಪ್ಪುಕುಳಿ ಮತ್ತು ನಕ್ಷತ್ರದ ಜೋಡಿಯನ್ನು ನೋಡಿದವು. ಅದರ ಎಕ್ಸ್-ಕಿರಣ ಎಣ್ಣೆ ತೀರುವ ದೀಪದ ಹಾಗೆ ಕ್ಷಣಕ್ಷಣಕ್ಕೂ ಏರಿಳಿಯುತ್ತಿತ್ತು. ಆ ಯಶಸ್ಸಿನ ಮೇಲೆ ನಮ್ಮವರು ಕೇಳಿದರು: ಮೂಲೆ ಬೇಡ, ಇಡೀ ಬಸ್ಸು ಕೊಡಿ.

ಆ ಬಸ್ಸು ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ ಹೊತ್ತು ಹಾರಿದ, ಸುಮಾರು 1,515 ಕಿಲೋ ತೂಕದ ಉಪಗ್ರಹ. ಖಗೋಳ ವೀಕ್ಷಣೆಗೆಂದೇ ಮೀಸಲಾಗಿ ಭಾರತ ಕಟ್ಟಿದ್ದು ಇದೇ ಮೊದಲು. ಆರ್ಯಭಟದಿಂದ ಇಲ್ಲಿಗೆ ನಲವತ್ತು ವರ್ಷ. ಶಾಲೆ ಬಿಟ್ಟ ಹುಡುಗ ನಿವೃತ್ತಿಯ ಅಂಚಿಗೆ ಬರುವಷ್ಟು ಕಾಲ.

ಅದರಲ್ಲಿ ಐದು ಉಪಕರಣ. ಐದನ್ನೂ ಬಾಯಿಪಾಠ ಮಾಡಬೇಡಿ, ಅವು ಒಟ್ಟಿಗೆ ಇರುವುದು ಯಾಕೆ ಎಂದು ತಿಳಿದರೆ ಸಾಕು. ನಿಮಿಷಕ್ಕೊಂದು ಬಗೆಯಾಗಿ ಮಿನುಗುವ ಕಪ್ಪುಕುಳಿಯನ್ನು ಇವತ್ತು ನೇರಳಾತೀತದಲ್ಲಿ, ಮುಂದಿನ ತಿಂಗಳು ಎಕ್ಸ್-ಕಿರಣದಲ್ಲಿ ನೋಡಿದರೆ ಎರಡು ಬೇರೆ ದಿನದ ನಾಡಿ ಹಿಡಿದ ಹಾಗಾಯಿತು. ಆಸ್ಟ್ರೋಸ್ಯಾಟ್ ಒಂದೇ ಹೊತ್ತಿಗೆ ಕಾಣುವ ಬೆಳಕು, ನೇರಳಾತೀತ, ಮೆದು ಎಕ್ಸ್-ಕಿರಣ, ಗಡಸು ಎಕ್ಸ್-ಕಿರಣ ಎಲ್ಲದರಲ್ಲೂ ಒಂದೇ ಕಡೆ ನೋಡುತ್ತದೆ. ಕಕ್ಷೆಯನ್ನೂ ಯೋಚಿಸಿ ಆರಿಸಿದ್ದಾರೆ. ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆ. ದಕ್ಷಿಣ ಅಟ್ಲಾಂಟಿಕ್ ಮೇಲೆ ವಿದ್ಯುತ್ ಕಣಗಳು ದಟ್ಟವಾಗಿ ಕೆಳಗಿಳಿಯುವ ಒಂದು ವಲಯವಿದೆ. ಆ ಕಣಗಳು ಎಣಿಕೆಯ ಪೆಟ್ಟಿಗೆಯಲ್ಲಿ ಸುಳ್ಳು ಎಣಿಕೆ ಹುಟ್ಟಿಸುತ್ತವೆ. ಆ ವಲಯದ ಅಂಚನ್ನಷ್ಟೇ ಸವರಿ ಹೋಗುವ ದಾರಿ ಇದು.

ಎಕ್ಸ್-ಕಿರಣಕ್ಕೆ ಕನ್ನಡಿ ಹಿಡಿಯುವುದು ಸುಲಭವಲ್ಲ. ನೇರವಾಗಿ ಬಿದ್ದರೆ ಅದು ಕನ್ನಡಿಯೊಳಗೇ ಇಳಿದುಬಿಡುತ್ತದೆ. ಹಿನ್ನೀರಿನ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ಎಸೆದ ಕೈಗೆ ಉಪಾಯ ಗೊತ್ತು: ನೇರ ಎಸೆದರೆ ಮುಳುಗುತ್ತದೆ, ತೀರ ಓರೆಯಾಗಿ ಬೀಸಿದರೆ ಜಿಗಿಯುತ್ತ ಹೋಗುತ್ತದೆ. ಹಾಗಾಗಿ ಎಕ್ಸ್-ಕಿರಣದ ದೂರದರ್ಶಕದ ಕನ್ನಡಿ ತಟ್ಟೆಯಂತಿರದೆ, ಒಂದರೊಳಗೊಂದು ಕೂಡಿಸಿದ ಕೊಳವೆಗಳಂತೆ ಇರುತ್ತದೆ. ಒಳಮೈಗೆ ಚಿನ್ನದ ತೆಳು ಲೇಪ. ಆಸ್ಟ್ರೋಸ್ಯಾಟ್‌ನ ಈ ದೂರದರ್ಶಕ ಮುಂಬಯಿಯ ಟಾಟಾ ಸಂಸ್ಥೆಯವರದು.

ಓರಿಯನ್‌ಗೆ ನಿಜವಾದ ತಂಗಿ ಎನ್ನಬೇಕಾದದ್ದು ನೇರಳಾತೀತದ ಜೋಡಿ ದೂರದರ್ಶಕ. ಯುವಿಐಟಿ ಎಂದು ಅದರ ಹೆಸರು. ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿರುವ ಅದರ ಪ್ರಯೋಗಾಲಯದಲ್ಲಿ ಜೋಡಿಸಿದ್ದು. ಈ ಸಂಸ್ಥೆಯ ಬೇರು ಹಳೆಯದು, ಮದರಾಸು ಮತ್ತು ಕೊಡೈಕೆನಾಲ್ ವೀಕ್ಷಣಾಲಯಗಳವರೆಗೆ ಹೋಗುತ್ತದೆ. ಓರಿಯನ್-1 ಹಾರಿದ 1971ರಲ್ಲೇ ಇದು ಸ್ವಾಯತ್ತ ಸಂಸ್ಥೆಯಾಯಿತು. ಆರ್ಯಭಟ ಹಾರಿದ 1975ರಲ್ಲೇ ಬೆಂಗಳೂರಿಗೆ ಬಂತು.

ಯುವಿಐಟಿಯ ಎರಡು ಕನ್ನಡಿಗಳೂ ಸುಮಾರು 38 ಸೆಂಟಿಮೀಟರ್ ಅಗಲ, ಮದುವೆ ಮನೆಯ ಊಟದ ದೊಡ್ಡ ತಟ್ಟೆಯಷ್ಟು. ಒಮ್ಮೆಗೆ ಹುಣ್ಣಿಮೆಯ ಚಂದ್ರನಿಗಿಂತ ತುಸು ಚಿಕ್ಕ ತುಂಡು ಆಕಾಶ ಕಾಣುತ್ತದೆ. ಚಿತ್ರದ ಸ್ಪಷ್ಟತೆಯಲ್ಲಿ ತನಗಿಂತ ಮೊದಲು ನೇರಳಾತೀತದಲ್ಲಿ ಆಕಾಶವನ್ನೆಲ್ಲ ಜಾಲಾಡಿದ್ದ ಅಮೆರಿಕದ ದೂರದರ್ಶಕ ಗ್ಯಾಲೆಕ್ಸ್‌ಗಿಂತ ಇದು ಮೂರು ಪಟ್ಟು ಮೇಲು. ಬಂದ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುವ ಇದರ ಗ್ರಾಹಕಗಳಿಗೆ ಕೆನಡಾದ ಬಾಹ್ಯಾಕಾಶ ಸಂಸ್ಥೆ ಕೈಜೋಡಿಸಿತು. ಓರಿಯನ್ ಕಾಲದಲ್ಲಿ ಫಿಲ್ಮ್ ಸುರುಳಿಯನ್ನು ಮನುಷ್ಯರೇ ಹೊತ್ತು ತರಬೇಕಿತ್ತು, ಕೆಲವೊಮ್ಮೆ ಜೀವ ತೆತ್ತು. ಈಗ ಎಣಿಕೆ ರೇಡಿಯೋ ಸಂಕೇತವಾಗಿ ಇಳಿದು, ಬೆಂಗಳೂರು ಸಮೀಪದ ಬ್ಯಾಲಾಳು ಎಂಬ ಹಳ್ಳಿಯಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರಕ್ಕೆ ಬಂದು ಸೇರುತ್ತದೆ.

ಒಂದು ವಿವರ ನನಗೆ ಬಹಳ ಇಷ್ಟ. ಉಪಗ್ರಹ ಹಾರಿದ್ದು ಸೆಪ್ಟೆಂಬರಿನಲ್ಲಿ, ಯುವಿಐಟಿಯ ಬಾಗಿಲು ತೆರೆದದ್ದು ನವೆಂಬರ್ 30ಕ್ಕೆ. ಎರಡು ತಿಂಗಳು ಯಾಕೆ ಕಾದರು? ಹೊಸದಾಗಿ ಬಣ್ಣ ಬಳಿದ ಮನೆಯ ವಾಸನೆ ಕೆಲವು ದಿನ ಹೋಗುವುದಿಲ್ಲವಲ್ಲ, ಹಾಗೆ ಉಪಗ್ರಹದ ಅಂಟು, ಬಣ್ಣ, ತಂತಿಗಳಿಂದ ನಿರ್ವಾತದಲ್ಲಿ ಆವಿ ಹೊರಡುತ್ತದೆ. ಅದರ ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರ ಕನ್ನಡಿಯ ಮೇಲೆ ಕೂತರೂ ನೇರಳಾತೀತಕ್ಕೆ ಕುರುಡು ಬರುತ್ತದೆ. ಹೊಸಕೋಟೆಯಲ್ಲಿ ಧೂಳು ಸುಳಿಯದ ಕೋಣೆಯಲ್ಲಿ ವರ್ಷಗಟ್ಟಲೆ ಕಾಪಾಡಿದ ಕಣ್ಣನ್ನು ಮೇಲೆ ಹೋದ ಅವಸರದಲ್ಲಿ ತೆರೆದು ಕೆಡಿಸಿಕೊಳ್ಳಲು ಅವರು ತಯಾರಿರಲಿಲ್ಲ. ಅಡುಗೆಯಾದ ಮೇಲೂ ಹಬೆಯಲ್ಲಿ ಹದವಾಗಲು ಬಿಡುವ ತಾಳ್ಮೆ ಇದು.

ಬಾಗಿಲು ತೆರೆದು ಮೊದಲು ನೋಡಿದ್ದು ಧ್ರುವ ನಕ್ಷತ್ರದ ಕಡೆಗಿರುವ ಎನ್‌ಜಿಸಿ 188 ಎಂಬ ಹಳೆಯ ತಾರಾಗುಚ್ಛ. ಅಲ್ಲೊಂದು ಸೋಜಿಗ ಸಿಕ್ಕಿತು. ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಕಾಲಕ್ಕೆ ಹುಟ್ಟಿದವು, ಈಗ ಎಲ್ಲಕ್ಕೂ ಮುಪ್ಪು. ಆದರೂ ಕೆಲವು ಎಳೆಯವರಂತೆ ನೀಲಿಯಾಗಿ ಹೊಳೆಯುತ್ತವೆ. ಅಂಥದೊಂದರ ಪಕ್ಕದಲ್ಲಿ ಬಿಸಿಯಾದ, ಪುಟ್ಟ ಸಂಗಾತಿ ತಾರೆ ಅಡಗಿದ್ದನ್ನು ಯುವಿಐಟಿ ಹಿಡಿದುಕೊಟ್ಟಿತು. ಸಂಗಾತಿಯ ಅನಿಲ ಹೀರಿಕೊಂಡು ಪ್ರಾಯ ತಂದುಕೊಂಡ ತಾರೆ ಆ ನೀಲಿಯದು.  ಕಾಣುವ ಬೆಳಕಿನಲ್ಲಿ ನೋಡಿದರೆ ನೀಲಿಯ ಹೊಳಪಿನಲ್ಲಿ ಪುಟ್ಟದು ಮುಚ್ಚಿಹೋಗುತ್ತದೆ, ನೇರಳಾತೀತದಲ್ಲಿ ಸಿಕ್ಕಿಬೀಳುತ್ತದೆ. ಬೆಂಗಳೂರಿನ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಪ್ರಕಟಿಸಿದರು. 2020ರಲ್ಲಿ ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ಅವರ ತಂಡ ಅದೇ ದೂರದರ್ಶಕದಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯ ತೀವ್ರ ನೇರಳಾತೀತವನ್ನು ಕಂಡಿತು.

ಎಲ್ಲವೂ ಸುಸೂತ್ರ ಎಂದೇನಲ್ಲ. ಯುವಿಐಟಿಯ ಎರಡು ನೇರಳಾತೀತ ಗ್ರಾಹಕಗಳಲ್ಲಿ ಒಂದು 2018ರಲ್ಲಿ ನಿಂತುಹೋಯಿತು. ಉಳಿದದ್ದರಲ್ಲೇ ಕೆಲಸ ಸಾಗಿತು. ಐದು ವರ್ಷಕ್ಕೆಂದು ಕಟ್ಟಿದ ಉಪಗ್ರಹ 2025ರ ಸೆಪ್ಟೆಂಬರಿಗೆ ಹತ್ತು ವರ್ಷ ತುಂಬಿಸಿತು. ನಾಲ್ಕು ದಿನದ ನೋಟದ ಪಕ್ಕದಲ್ಲಿ ಈ ಹತ್ತು ವರ್ಷವನ್ನು ಇಟ್ಟು ನೋಡಬೇಕು.

ಆಮೇಲೆ ಬಂದವುಗಳ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು ಸೂರ್ಯನನ್ನು ನೋಡುತ್ತದೆ. ಅದರ ಮುಖ್ಯ ಉಪಕರಣವೂ ಹೊಸಕೋಟೆಯಲ್ಲೇ ಕಟ್ಟಿದ್ದು. 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಪೋಲಿಕ್ಸ್. ಅದು ಎಕ್ಸ್-ಕಿರಣದ ಅಲೆಗಳು ಯಾವ ಕಡೆಗೆ ತೊನೆಯುತ್ತವೆ ಎಂದು ಅಳೆಯುತ್ತದೆ. ಅದನ್ನು ಕಟ್ಟಿದ್ದು ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆ.

ಇನ್ನು ಮನೆಗೆಲಸ. ಅದಕ್ಕೆ ಮೊದಲು ಇನ್ನೊಮ್ಮೆ ಆರ್ಮೇನಿಯಾಕ್ಕೆ ಹೋಗೋಣ. ಬ್ಯುರಕಾನ್‌ನಲ್ಲೇ ಬೆಂಜಮಿನ್ ಮರ್ಕಾರ್ಯಾನ್ ಎಂಬ ಇನ್ನೊಬ್ಬರಿದ್ದರು. 1965ರಿಂದ ಸುಮಾರು ಹದಿನೈದು ವರ್ಷ ಅವರು, ಆಮೇಲೆ ಜೊತೆಯವರೂ ಸೇರಿ, ಸಾಮಾನ್ಯಕ್ಕಿಂತ ಹೆಚ್ಚು ನೇರಳಾತೀತ ಚೆಲ್ಲುವ ಗೆಲಾಕ್ಸಿಗಳನ್ನು ಹುಡುಕಿ ಪಟ್ಟಿ ಮಾಡಿದರು, 1,500ರಷ್ಟು. ನೆಲದ ಮೇಲೆ ನಿಂತು, ತೂಬಿನ ಅಂಚಿನಲ್ಲಿ ಜಿನುಗುವ ಅಷ್ಟಿಷ್ಟು ನೇರಳಾತೀತವನ್ನೇ ಹಿಡಿದು ಮಾಡಿದ ಕೆಲಸ. ಆ ಪಟ್ಟಿಯ 421ನೆಯದು ಈಗ ಮರ್ಕಾರ್ಯಾನ್ 421 ಎಂದೇ ಪ್ರಸಿದ್ಧ. ಅದರ ನಡುವಿನ ದೈತ್ಯ ಕಪ್ಪುಕುಳಿ ನಮ್ಮ ಕಡೆಗೇ ಮುಖ ಮಾಡಿ ಕಣಗಳ ಚಿಲುಮೆ ಚಿಮ್ಮಿಸುತ್ತಿದೆ. ಆಸ್ಟ್ರೋಸ್ಯಾಟ್ ಅದನ್ನು ಎಕ್ಸ್-ಕಿರಣದಲ್ಲಿ ನೋಡಿದೆ.

ಏಪ್ರಿಲ್ 19ರ ರಾತ್ರಿ, ಮೋಡವಿಲ್ಲದಿದ್ದರೆ, ಒಂಬತ್ತೂವರೆಯ ಸುಮಾರಿಗೆ ಒಡ್ಡಿನ ಹತ್ತಿರ ದೀಪಗಳಿಲ್ಲದ ಕಡೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಧ್ರುವನನ್ನು ಹುಡುಕಲು ಪುಲಹದಿಂದ ಕ್ರತುವಿನ ಕಡೆಗೆ ಗೆರೆ ಎಳೆದು ಮುಂದುವರಿಸುವುದನ್ನು ಶಾಲೆಯಲ್ಲಿ ಕಲಿತಿದ್ದೀರಿ. ಈ ಸಲ ಅದನ್ನು ತಿರುಗಿಸಿ: ಕ್ರತುವಿನಿಂದ ಪುಲಹಕ್ಕೆ ಎಳೆದು, ಆ ಎರಡರ ನಡುವಿನ ಅಂತರದ ಮೂರೂವರೆ ಪಟ್ಟು ಮುಂದಕ್ಕೆ, ನೆತ್ತಿಯ ಕಡೆಗೆ ಬನ್ನಿ. ಕತ್ತು ಸ್ವಲ್ಪ ನೋಯುತ್ತದೆ. ಅಲ್ಲಿ ನಿಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಮರ್ಕಾರ್ಯಾನ್ 421 ಇರುವುದು ಅಲ್ಲಿಯೇ, ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ.